ರಾಗಿ ಬಿದ್ದರೂ ಇಳಿಯದ ಸಾ

ಮರುಳಸಿದ್ದಪ್ಪನವರು ಅದನ್ನು ಬೈದು ಹೇಳಿದ್ದರೆ ಚನ್ನವೀರ ತಡೆದುಕೊಳ್ಳುತ್ತಿದ್ದನೇನೋ. ಬೈಗುಳಕ್ಕೆ ಬೈಗುಳ ಕೊಟ್ಟು ಎದ್ದು ಬರಬಹುದು. ಅವರು ನಗುನಗುತ್ತ, ಹೆಗಲ ಮೇಲೆ ಕೈಯಿಟ್ಟು, ಮಗುವಿಗೆ ಕಹಿ ಮಾತ್ರೆ ನುಂಗಿಸುವವರಂತೆ ಹೇಳಿದರು.

“ನೋಡಪ್ಪ, ಬರೋದೇನೂ ಬಿಡಬೇಡ. ಬಾ, ಬಿಳೀ ಜುಬ್ಬ ಹಾಕ್ಕೊ, ಹಿಂದಿನ ಸಾಲಲ್ಲಿ ನಿಂತ್ಕೊ. ಆದ್ರೆ ಹಾಡುವಾಗ ಸುಮ್ನೆ ತುಟಿ ಆಡಿಸು, ಸಾಕು. ಸೌಂಡ್ ಬೇಡ.”

ಆ ಕೋಣೆಯಲ್ಲಿ ಇಪ್ಪತ್ತು ಜನರಿದ್ದರು. ಅರ್ಧ ಜನ ನಕ್ಕರು, ಉಳಿದವರು ನಗು ನುಂಗಿಕೊಂಡು ನೆಲ ನೋಡಿದರು. ನೆಲ ನೋಡಿದವರ ಮೇಲೆಯೇ ಚನ್ನವೀರನಿಗೆ ಹೆಚ್ಚು ಸಿಟ್ಟು ಬಂತು.

ಅದು ಜಯನಗರದಲ್ಲಿ, ಮರುಳಸಿದ್ದಪ್ಪನವರ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆ. ಪ್ರತಿ ಸೋಮವಾರ ರಾತ್ರಿ ಎಂಟಕ್ಕೆ ಅಲ್ಲಿ ಅವರೇ ನಡೆಸುವ, ವಚನ ಹಾಡುವ ಬಳಗ ಸೇರುತ್ತಿತ್ತು. ಮುಂದಿನ ಸಾಲುಗಳಲ್ಲಿ ಬ್ಯಾಂಕಿನವರು, ಅಂಗಡಿಯವರು, ಅವರ ಮನೆಯವರು. ಹಿಂದಿನ ಸಾಲಿನಲ್ಲಿ ಬಿಟಿಎಂನ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುವ ದುಂಡವ್ವ, ಮತ್ತು ಬಿಳೇಕಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಮಿಷನ್ ನಡೆಸುವ ಚನ್ನವೀರ. ಮೇಲು ಕೀಳು ಇಲ್ಲ, ಎಲ್ಲರೂ ಒಂದೇ ಎಂದು ವಾರಕ್ಕೊಮ್ಮೆ ಕಣ್ಣು ಮುಚ್ಚಿ ಹಾಡುವ ಬಾಯಿಗಳವು. ಒಬ್ಬನ ಬಾಯಿ ಮಾತ್ರ ಬೇಡವಾಗಿತ್ತು.

“ಹಾಡಾಕ ಬಂದೀನ್ರೀ ನಾನು,” ಎಂದ ಚನ್ನವೀರ. “ತುಟಿ ಆಡಸಾಕಲ್ಲ.”

“ಅಯ್ಯೋ, ಬೇಜಾರ್ ಮಾಡ್ಕೋಬೇಡ. ಸ್ವರ ಅನ್ನೋದು ಕೆಲವರಿಗೆ ಹುಟ್ಟಿಂದ ಬರತ್ತೆ, ಕೆಲವರಿಗಿಲ್ಲ. ಅದಕ್ಕೆ ನೀನೇನ್ ಮಾಡಕ್ಕಾಗತ್ತೆ?”

ಅದಕ್ಕೆ ತಾನೇನು ಮಾಡಬಹುದು ಎಂಬುದನ್ನು ಚನ್ನವೀರ ಮೆಟ್ಟಿಲಿಳಿಯುವಷ್ಟರಲ್ಲಿ ತೀರ್ಮಾನಿಸಿದ್ದ. ಶ್ರಾವಣದಲ್ಲಿ ಬಳಗದ ಹತ್ತನೆಯ ವರ್ಷದ ಕಾರ್ಯಕ್ರಮವಿತ್ತು, ಬನಶಂಕರಿಯ ಸಮುದಾಯ ಭವನದಲ್ಲಿ. ಇನ್ನೂ ಆರು ತಿಂಗಳು. ಅಂದು ಅವನ ಗಂಟಲಿನಿಂದ ಶಬ್ದ ಹೊರಗೆ ಬರಬೇಕು, ಗಟ್ಟಿಯಾಗಿ ಬರಬೇಕು. ಅದನ್ನು ಕೇಳಿದ ಮೇಲೂ ಮರುಳಸಿದ್ದಪ್ಪನವರು ‘ಅಪಸ್ವರ’ ಎಂದು ಹೇಳಲಾರದಂತೆ ಬರಬೇಕು.

ಬಸ್‌ಸ್ಟಾಪಿನಲ್ಲಿ ದುಂಡವ್ವ ಬಂದು ಪಕ್ಕದಲ್ಲಿ ನಿಂತಳು. “ಸಿಟ್ಟಾಗಬ್ಯಾಡೋ ತಮ್ಮಾ. ನನಗ ಎರಡ ವರ್ಷದ ಹಿಂದ ಹಿಂಗ ಅಂದಾರ.”

“ಮತ್ತ ನೀವೇನ ಮಾಡ್ತೀರಿ?”

“ತುಟಿ ಆಡಸ್ತೀನಿ. ಒಳಗೊಳಗ ನಾಳಿ ಎಷ್ಟ ರೊಟ್ಟಿ ಬಡೀಬೇಕು ಅಂತ ಲೆಕ್ಕಾ ಹಾಕ್ತೀನಿ.” ಅವಳು ನಕ್ಕಳು. ಚನ್ನವೀರ ನಗಲಿಲ್ಲ.

ಮುದ್ದೇಬಿಹಾಳದ ಕಡೆಯ ಅವನ ಊರಿನಲ್ಲಿ ಯಾರೂ ಹೀಗೆ ಅಂದಿರಲಿಲ್ಲ. ಓಣಿಯ ಭಜನೆಯಲ್ಲಿ ಬೇಕಾದಷ್ಟು ಕೂಗಿದ್ದ. ಅಲ್ಲಿ ಎಲ್ಲರೂ ಕೂಗುತ್ತಿದ್ದರು, ಯಾರ ದನಿಯನ್ನೂ ಯಾರೂ ತಕ್ಕಡಿಯಲ್ಲಿಟ್ಟು ತೂಗುತ್ತಿರಲಿಲ್ಲ. ಶಾಲೆಯಲ್ಲಿ ಮಾತ್ರ ಒಮ್ಮೆ, ಆರನೆಯ ಇಯತ್ತೆಯಲ್ಲಿ, ಪ್ರಾರ್ಥನೆಯ ಸಾಲಿನಿಂದ ಅವನನ್ನು ಕಿವಿ ಹಿಡಿದು ಈಚೆಗೆಳೆದು ಗಂಟೆ ಬಾರಿಸುವ ಕೆಲಸ ಕೊಟ್ಟಿದ್ದರು. ಎಂಟನೆಯದಕ್ಕೆ ಅವನು ಶಾಲೆ ಬಿಟ್ಟ. ಕಾರಣ ಬೇರೆಯೇ ಇತ್ತು, ಆದರೆ ಬಿಡುವಾಗ ಹಿಂದಿರುಗಿ ನೋಡುವಂಥದ್ದೇನೂ ಅಲ್ಲಿ ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಶುರು ಮಾಡಿದ. ಬಿಟಿಎಂನ ಒಂದೇ ಕೋಣೆಯ ಮನೆಯಲ್ಲಿ, ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ‘ಸಾ’ ಎಂದು ಬಾಯಿ ತೆರೆದ. ಕೋಣೆಯ ಪಾಲುದಾರ ಕರೆಪ್ಪ, ಊಟ ತಲುಪಿಸುವ ಕೆಲಸದವನು, ಹೊದಿಕೆಯೊಳಗಿಂದಲೇ ಮಾತಾಡಿದ.

“ಲೇ ಚನ್ಯಾ, ಎಮ್ಮಿ ಈಯಾಕ ಹತ್ತೈತೇನಲೇ?”

“ಬಾಯಿ ಮುಚ್ಕೊಂಡ ಮಲಕ್ಕೊ.”

“ನಾ ಮುಚ್ಕೊಂಡೇ ಮಲಗೀನಿ. ತಗದಾಂವ ನೀನು.”

ನಾಲ್ಕನೆಯ ದಿನ ಮೇಲಿನ ಮನೆಯ ಓನರ್ ಆಂಟಿ ಇಳಿದು ಬಂದು, ಒಳಗೆ ಯಾರಿಗಾದರೂ ಹೊಟ್ಟೆನೋವಾ ಎಂದು ಕೇಳಿದರು. ಕರೆಪ್ಪ ಬಾಗಿಲಲ್ಲೇ ನಿಂತು, “ಹೌದ್ರೀ ಆಂಟಿ, ಭಾಳ ಹಳೇ ನೋವು, ಎದ್ದ ಕೂಡ್ಲೇ ಬರತೈತಿ,” ಎಂದ. ಆ ಮನೆಯಲ್ಲಿ ಸಾಧನೆ ನಡೆಯುವಂತಿರಲಿಲ್ಲ.

ಆಗ ಚನ್ನವೀರನಿಗೆ ಗಿರಣಿ ಹೊಳೆಯಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಅವನ ಕಿವಿಯ ಪಕ್ಕದಲ್ಲೇ ಮಿಷನ್ ಝೇಂಕರಿಸುತ್ತಿತ್ತು. ತಂಬೂರಿಯವರು ಇನ್ನೇನು ಮಾಡುತ್ತಾರೆ? ಒಂದೇ ಸ್ವರ, ದಿನವಿಡೀ, ಪುಕ್ಕಟೆ! ಕೇಳಿಸಿಕೊಂಡು ಬಯ್ಯುವವರೂ ಇಲ್ಲ, ಏಕೆಂದರೆ ಆ ಸದ್ದಿನಲ್ಲಿ ಬಯ್ಗುಳವೂ ಕೇಳುವುದಿಲ್ಲ. ಗಿರಣಿಯ ಮಾಲೀಕ ಅನಂತರಾಮು ಬೆಳಿಗ್ಗೆ ಬೀಗದ ಕೈ ಕೊಟ್ಟು ಹೋದರೆ ಸಂಜೆಗೇ ಬರುವುದು. ಚನ್ನವೀರ ಸ್ಟಾರ್ಟರ್ ಒತ್ತುವನು, ಮಿಷನ್ ವೇಗಕ್ಕೆ ಬರುವುದನ್ನು ಕಾಯುವನು, ಅದರ ದನಿಗೆ ತನ್ನ ದನಿ ತಾಗಿಸಿ ವಚನದ ಸಾಲು ಎತ್ತುವನು. ಸಾಲು ಮುಗಿಯುತ್ತಿದ್ದ ಹಾಗೆ ಮೇಲಿನ ತಗಡಿನ ಬಾಯಿಗೆ ಮುಂದಿನ ಡಬ್ಬದ ಕಾಳು ಸುರಿಯುವನು. ಉಸಿರು ಎಳೆದು ಇನ್ನೊಂದು ಸಾಲು, ಇನ್ನೊಂದು ಡಬ್ಬ. ದಿನಕ್ಕೆ ಐವತ್ತು ಅರವತ್ತು ಡಬ್ಬ. ಮೂರು ತಿಂಗಳು, ಒಂದು ದಿನವೂ ತಪ್ಪಿಸದೆ. ಹಿಟ್ಟು ಮೆತ್ತಿದ ರೆಪ್ಪೆ, ಹಿಟ್ಟು ಮೆತ್ತಿದ ಮೀಸೆ, ಗಂಟಲು ಮಾತ್ರ ದಿನದಿಂದ ದಿನಕ್ಕೆ ತೆರೆದುಕೊಳ್ಳುತ್ತಿತ್ತು. ಮಿಷನ್ನಿಗೂ ತನಗೂ ನಡುವೆ ಒಂದು ಎಳೆಯ ಸಂದಿಯೂ ಇಲ್ಲವೆಂದು ಅವನಿಗೇ ಗೊತ್ತಾಗುತ್ತಿತ್ತು.

ಮೂರು ತಿಂಗಳ ಮೇಲೆ, ಒಂದು ಸೋಮವಾರ, ಹಿಂದಿನ ಸಾಲಿನಲ್ಲಿ ನಿಂತು ಅವನು ತುಟಿ ಆಡಿಸಲಿಲ್ಲ. ಹಾಡಿದ.

ಎರಡನೆಯ ಸಾಲಿಗೆ ಮರುಳಸಿದ್ದಪ್ಪನವರ ಕೈ ಮೇಲೆದ್ದಿತು. ಕೀಬೋರ್ಡು ನಿಂತಿತು.

“ಯಾರದು?” ಎಂದರು, ಗೊತ್ತಿದ್ದೂ. ಹಿಂದಿನ ಸಾಲಿನತ್ತ ತಿರುಗಿ ಕೈ ಮುಗಿದರು. “ಚನ್ನವೀರ, ನಾನ್ ಹೇಳಿದ್ದೆ ತಾನೇ? ಶುರು ಚೆನ್ನಾಗೇ ಮಾಡ್ತೀಯ, ಸಾಲಿನ ಕೊನೆಗೆ ಹೋಗ್ತಾ ಹೋಗ್ತಾ ಹಳ್ಳಕ್ಕೆ ಬೀಳ್ತೀಯ. ಒಬ್ಬನೇ ಬಿದ್ರೆ ಪರವಾಗಿಲ್ಲ, ಪಕ್ಕದೋರನ್ನೂ ಎಳ್ಕೊಂಡು ಬೀಳ್ತೀಯ. ಕೈ ಮುಗೀತೀನಿ ಮಾರಾಯ, ತುಟಿ.”

ಈ ಸಲ ಎಲ್ಲರೂ ನಕ್ಕರು.

ಮಾರನೆಯ ದಿನ ಗಿರಣಿಯಲ್ಲಿ ಮಿಷನ್ ಒಂದೇ ಕೂಗಿಕೊಂಡಿತ್ತು. ಚನ್ನವೀರ ಹಲ್ಲು ಕಚ್ಚಿಕೊಂಡು ಡಬ್ಬ ಸುರಿಯುತ್ತಿದ್ದ. ಹನ್ನೊಂದರ ಹೊತ್ತಿಗೆ ನೀಲಗಂಗಮ್ಮನವರು ರಾಗಿಯ ಡಬ್ಬ ಹಿಡಿದು ಬಂದರು. ಅವರು ಗಿರಣಿಯ ಹಿಂದಿನ ಬೀದಿಯವರು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ತಿಂಗಳಿಗೆರಡು ಸಲ ರಾಗಿ ತರುವರು, ಹಿಟ್ಟು ಬಿಸಿಯಾಯಿತೆಂದು ಪ್ರತಿ ಸಲವೂ ಜಗಳ ತೆಗೆಯುವರು. ಅಂದು ಜಗಳ ತೆಗೆಯಲಿಲ್ಲ. ಮಿಷನ್ ನಿಲ್ಲಿಸು ಎಂದು ಕೈಸನ್ನೆ ಮಾಡಿದರು.

“ಯಾಕೋ ಇವತ್ತು ಹಾಡ್ತಿಲ್ಲ?”

ಚನ್ನವೀರನಿಗೆ ಆಶ್ಚರ್ಯವಾಯಿತು. “ನಿಮಗ ಕೇಳಸ್ತಿತ್ತೇನ್ರಿ?”

“ನಲವತ್ತು ವರ್ಷ ಮಕ್ಕಳ ಗಲಾಟೆಯೊಳಗೆ ಯಾವಳು ಸ್ವರ ತಪ್ಪಿದ್ಳು ಅಂತ ಹುಡುಕಿದ ಕಿವಿ ಇದು. ಯಾಕೆ ನಿಲ್ಲಿಸ್ದೆ?”

“ಬಿಟ್ಟೀನ್ರಿ. ಹುಟ್ಟಿಂದ ಬರಬೇಕಂತ ಅದು. ನನಗ ಬಂದಿಲ್ಲಂತ.” ಅಷ್ಟು ಹೇಳಿದವನಿಗೆ ಉಳಿದದ್ದನ್ನು ತಡೆಹಿಡಿಯಲಾಗಲಿಲ್ಲ. ಜುಬ್ಬ, ಹಿಂದಿನ ಸಾಲು, ಮುಗಿದ ಕೈ, ಮೂರು ತಿಂಗಳು, ಎಲ್ಲವೂ ಒಂದರ ಮೇಲೊಂದು ಬಿದ್ದು ಹೊರಗೆ ಬಂತು. ಕೊನೆಗೆ, “ದಿನಾ ಹತ್ತ ತಾಸ ಹಾಡೀನ್ರೀ! ಇನ್ನೇನ ಸಾಯಬೇಕೇನು?” ಎಂದು ಖಾಲಿ ಡಬ್ಬವೊಂದನ್ನು ಒದ್ದ. ಅದು ಉರುಳಿ ನೀಲಗಂಗಮ್ಮನವರ ಕಾಲ ಬಳಿ ನಿಂತಿತು.

ಅವರು ಡಬ್ಬ ಎತ್ತಿ ಪಕ್ಕಕ್ಕಿಟ್ಟರು. “ಒದ್ದಾಯ್ತಾ? ಈಗ ಮಿಷನ್ ಹಾಕು. ನಿನ್ನ ಫೋನಲ್ಲಿ ರೆಕಾರ್ಡ್ ಒತ್ತು. ಖಾಲಿ ಮಿಷನ್ ಜೊತೆ ‘ಸಾ’ ಹಿಡಿ, ನಾನು ಹೇಳೋವರ್ಗೂ ಬಿಡಬೇಡ.”

ಅವನು ಹಿಡಿದ. ಕಣ್ಣು ಮುಚ್ಚಿ, ಎದೆಯ ತುಂಬ ಹಿಡಿದ. ನಡುವೆ ಏನೋ ಸುರಿದ ಸದ್ದಾಯಿತು. ಕಣ್ಣು ಬಿಟ್ಟರೆ ನೀಲಗಂಗಮ್ಮನವರು ಸ್ಟೂಲು ಹತ್ತಿ ನಿಂತು, ತಮ್ಮ ರಾಗಿಯನ್ನೆಲ್ಲ ತಾವೇ ತಗಡಿನ ಬಾಯಿಗೆ ಸುರಿದಿದ್ದರು.

“ಈಗ ಕೇಳು,” ಎಂದರು, ಮಿಷನ್ ನಿಂತ ಮೇಲೆ.

ಫೋನಿನಲ್ಲಿ ಮಿಷನ್ನಿನ ದನಿ, ಅದರ ಮೇಲೆ ಅವನ ದನಿ, ಎರಡೂ ಅಂಟಿಕೊಂಡಂತೆ. ಆಮೇಲೆ ರಾಗಿ ಬಿತ್ತು. ಹೊರೆ ಬಿದ್ದೊಡನೆ ಬೆಲ್ಟು ನರಳಿತು, ಮಿಷನ್ನಿನ ದನಿ ಕೆಳಗೆ ಜಾರಿತು. ಅದರ ಜೊತೆಗೇ, ಕೈ ಹಿಡಿದುಕೊಂಡು ಮೆಟ್ಟಿಲಿಳಿಯುವವನ ಹಾಗೆ, ಅವನೂ ಜಾರಿದ್ದ.

“ಎಷ್ಟು ಇಳಿದೆ?”

“ಅದು ಎಷ್ಟ ಇಳೀತೋ ಅಷ್ಟ.”

“ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಕಿವಿ ಇಲ್ದೋನಿಗೆ ಹೀಗೆ ಇಳಿಯಕ್ಕೆ ಬರಲ್ಲ ಕಣೋ. ಬೇಕು ಅಂತ ಹೇಳಿದ್ರೂ ನನ್ನ ಸ್ಟೂಡೆಂಟ್ಸ್‌ಗೆ ಬರ್ತಿರ್ಲಿಲ್ಲ. ನೀನು ಸಾಲಿನ ಕೊನೆಗೆ ಕಾಳು ಹಾಕ್ತೀಯ, ಅದು ಇಳಿಯತ್ತೆ, ನೀನೂ ಇಳೀತೀಯ. ಮೂರು ತಿಂಗಳು ಅದನ್ನೇ ಸಾಧನೆ ಮಾಡಿದೀಯ. ಈಗ ಮಿಷನ್ ಇಲ್ದಿದ್ರೂ ಸಾಲು ಮುಗಿಯೋ ಹೊತ್ತಿಗೆ ನಿನ್ನ ಮೈ ರಾಗಿ ಬಿತ್ತು ಅನ್ಕೊಳತ್ತೆ.”

ಚನ್ನವೀರ ಮಿಷನ್ನನ್ನು ನೋಡಿದ. ಸ್ನೇಹಿತನೆಂದು ನಂಬಿದವನು ದಾರಿ ತಪ್ಪಿಸಿದ್ದು ಗೊತ್ತಾದಾಗ ಆಗುವ ಸಿಟ್ಟಾಯಿತು. ಅದರ ಬೆನ್ನಿಗೇ ಬೇರೊಂದು ಎದ್ದು ಬಂತು. ಅವನ ಕಿವಿ ಸರಿಯಾಗಿತ್ತು. ಆರನೆಯ ಇಯತ್ತೆಯಲ್ಲಿ ಹಿಡಿದೆಳೆದ ಕಿವಿ ಅದೇ.

“ನಂಗ ಕಲಸ್ತೀರೇನ್ರಿ?”

“ಬೆಳಿಗ್ಗೆ ಆರಕ್ಕೆ. ಒಂದು ನಿಮಿಷ ತಡ ಆದ್ರೂ ಬಾಗಿಲು ತೆಗೆಯಲ್ಲ. ಮತ್ತೆ ಹಿಟ್ಟು ತಣ್ಣಗೆ ಬೀಸಿ ಕೊಡಬೇಕು.”

ಅವರ ಜಗುಲಿಯಲ್ಲಿ ತಿದಿ ಒತ್ತುವ ಹಳೆಯ ಶ್ರುತಿ ಪೆಟ್ಟಿಗೆಯೊಂದಿತ್ತು. ಅದರ ಮುಂದೆ ಕೂರಿಸಿ ಇಪ್ಪತ್ತು ದಿನ ‘ಸಾ’ ಒಂದನ್ನೇ ಹಾಡಿಸಿದರು. ವಚನವಿಲ್ಲ, ಸಾಲಿಲ್ಲ, ಎರಡನೆಯ ಸ್ವರವೂ ಇಲ್ಲ. ಉಸಿರು ಮುಗಿಯುವವರೆಗೆ ಸಾ, ಮುಗಿಯುವ ಹೊತ್ತಿಗೆ ಇಳಿಯಕೂಡದು. ಇಳಿದರೆ ಅವರು ಮಾತಾಡುತ್ತಿರಲಿಲ್ಲ, ತಿದಿ ಒತ್ತುವುದನ್ನು ನಿಲ್ಲಿಸುತ್ತಿದ್ದರು. ಹನ್ನೆರಡನೆಯ ದಿನ ಚನ್ನವೀರ ಸಿಡಿದ.

“ಇದೇನ್ರೀ ಇದು, ಸಾ ಸಾ ಅಂತ ಸಾಯೋದು! ಹಾಡ ಯಾವಾಗ?”

“ಬೇಡ ಅಂದ್ರೆ ಬಿಡು. ತುಟಿ ಆಡಿಸೋದಕ್ಕೆ ಇಷ್ಟು ಕೂಡ ಬೇಕಿಲ್ಲ.”

ಚಪ್ಪಲಿ ಹಾಕಿಕೊಂಡು ಹೊರಟುಹೋದ. ಎರಡು ದಿನ ಬರಲಿಲ್ಲ. ಮೂರನೆಯ ದಿನ ಆರಕ್ಕೆ ಐದು ನಿಮಿಷವಿರುವಾಗಲೇ ಗೇಟಿನ ಹೊರಗೆ ನಿಂತಿದ್ದ. ಅವರು ಬಾಗಿಲು ತೆಗೆದರು. ಪೆಟ್ಟಿಗೆಯ ಮುಂದೆ ಕುಳಿತು ತಿದಿ ಒತ್ತಿದರು. ಸಾ.

ಆಮೇಲೆ ಪಾ ಬಂತು, ಮೇಲಿನ ಸಾ ಬಂತು, ನಡುವಿನವು ಒಂದೊಂದಾಗಿ ಬಂದವು. ತಿಂಗಳಾದ ಮೇಲೆ ನೀಲಗಂಗಮ್ಮನವರು ಇನ್ನೊಂದು ಪಾಠ ಕೊಟ್ಟರು.

“ದಿನಾ ಸಂಜೆ ಮಿಷನ್ ಆಫ್ ಮಾಡ್ತೀಯಲ್ಲ, ಆಗ ಅದರ ಸಾ ಹಿಡಿ. ಆಮೇಲೆ ಸ್ವಿಚ್ ಒತ್ತು. ಅದು ಇಳೀತಾ ಇಳೀತಾ ಸಾಯತ್ತೆ. ನೀನು ಸಾಯಬೇಡ.”

ಅದು ಹೇಳಿದಷ್ಟು ಸುಲಭವಿರಲಿಲ್ಲ. ಸ್ವಿಚ್ ಒತ್ತಿದೊಡನೆ ಆ ದನಿ ಊಳಿಡುತ್ತ ಇಳಿಯುತ್ತಿತ್ತು, ಬಾವಿಗೆ ಬಿದ್ದವನ ಕೂಗಿನಂತೆ. ಗಂಟಲು ತಾನಾಗಿಯೇ ಅದರ ಹಿಂದೆ ಹೊರಡುತ್ತಿತ್ತು. ಚನ್ನವೀರ ಗೋಡೆಗೆ ಬೆನ್ನು ಒತ್ತಿ, ಮುಷ್ಟಿ ಬಿಗಿದು, ಇಲ್ಲ ಎಂದು ತಲೆ ಅಲ್ಲಾಡಿಸುತ್ತಲೇ ಹಾಡುತ್ತಿದ್ದ. ಡಬ್ಬ ಒಯ್ಯಲು ಬಂದವರಿಗೆ ಅದೊಂದು ತಮಾಷೆಯಾಯಿತು.

“ಗುರು, ಮಿಷನ್ ಆಫ್ ಆಯ್ತು. ನೀನ್ಯಾವಾಗ ಆಫ್ ಆಗೋದು?”

ಅವನು ಆಫ್ ಆಗಲಿಲ್ಲ. ಅವರನ್ನೇ ದಿಟ್ಟಿಸುತ್ತ ಹಾಡಿದ. ಮಿಷನ್ ಪೂರ್ತಿ ನಿಂತು, ಹಿಟ್ಟಿನ ಧೂಳು ನೆಲಕ್ಕೆ ಕೂರುವವರೆಗೂ ಒಂದೇ ಸ್ವರ. ನಂತರ ಫೋನಿನಲ್ಲಿ, ಮಿಷನ್ನಿನ ‘ಸಾ’ಗೆ ಹೊಂದಿಸಿಟ್ಟ ತಂಬೂರಿಯ ಆಪ್ ತೆರೆದು ತಾಳೆ ನೋಡುವನು. ಮೊದಮೊದಲು ಕೆಳಗೆ. ವಾರಗಳ ನಂತರ ಒಂದಿಷ್ಟೇ ಕೆಳಗೆ. ಮೂವತ್ತನೆಯ ಸಂಜೆ, ಎರಡೂ ಒಂದೇ. ಅಂದು ಅವನು ಮಿಷನ್ನಿನ ಬೆನ್ನ ಮೇಲೆ ಫಟ್ ಎಂದು ಒಂದು ಏಟು ಕೊಟ್ಟ.

ಶ್ರಾವಣದ ಆ ಭಾನುವಾರ ಬೆಳಿಗ್ಗೆ ಸಮುದಾಯ ಭವನ ತುಂಬಿತ್ತು. ಬಿಳಿ ಜುಬ್ಬ ಹಾಕಿಕೊಂಡು ಚನ್ನವೀರ ಹಿಂದಿನ ಸಾಲಿನಲ್ಲಿ, ದುಂಡವ್ವನ ಪಕ್ಕದಲ್ಲಿ ನಿಂತ. ಕೆಳಗೆ ಮೂರನೆಯ ಸಾಲಿನ ಕುರ್ಚಿಯಲ್ಲಿ ನೀಲಗಂಗಮ್ಮನವರಿದ್ದರು. ಬೆಳಿಗ್ಗೆ ಬೆಳಿಗ್ಗೆ ತನಗೆ ಕಲಿಸುವವರು ಅವರೇ ಎಂದು ದುಂಡವ್ವನಿಗೆ ತೋರಿಸಿದ. ಮರುಳಸಿದ್ದಪ್ಪನವರು ಹಾಡು ಶುರುವಾಗುವ ಮೊದಲು ಹಿಂದಕ್ಕೆ ಬಂದು, ಅವನತ್ತ ನೋಡಿ, ತಮ್ಮ ತುಟಿಗೆ ಬೆರಳು ಮುಟ್ಟಿಸಿ ನಕ್ಕರು. ನೆನಪಿರಲಿ ಎಂಬಂತೆ.

ಕರೆಂಟಿನ ಶ್ರುತಿ ಪೆಟ್ಟಿಗೆ ಗುನುಗಿತು, ಕೀಬೋರ್ಡು ಸೇರಿತು, ಢೋಲಕ್ ಬಂತು. ಬಳಗದ ಶ್ರುತಿ ಬೇರೆ, ಜಗುಲಿಯ ಶ್ರುತಿ ಬೇರೆ. ಇರಲಿ, ಹಿಡಿದದ್ದನ್ನು ಬಿಡದಿರುವುದೇ ಅವನು ಕಲಿತ ವಿದ್ಯೆ. ಮೊದಲ ವಚನವನ್ನು ಅವನು ಹಾಡಲಿಲ್ಲ, ಕೇಳಿಸಿಕೊಂಡ. ಎರಡನೆಯದರ ಮೊದಲ ಸಾಲಿಗೆ ಬಾಯಿ ತೆರೆದ.

ಮುಂದಿನ ಸಾಲಿನಲ್ಲಿ ಎರಡು ತಲೆ ತಿರುಗಿದವು. ಮರುಳಸಿದ್ದಪ್ಪನವರ ಬೆನ್ನು ಸೆಟೆಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು.

ಫ್ಯಾನು ನಿಂತವು, ಮೈಕು ಸತ್ತಿತು. ಶ್ರುತಿ ಪೆಟ್ಟಿಗೆಯೂ ಕೀಬೋರ್ಡೂ ಒಟ್ಟಿಗೇ ಬಾಯಿ ಮುಚ್ಚಿದವು. “ನಿಲ್ಲಿಸ್ಬೇಡಿ, ಹಾಡಿ, ಹಾಡಿ! ಜನರೇಟರ್ ಹಾಕ್ತಾರೆ!” ಎಂದು ಮರುಳಸಿದ್ದಪ್ಪನವರು ಕೈ ಬೀಸಿದರು. ಬಳಗ ಹಾಡಿತು. ಒಂದು ಸಾಲು ಸರಿಯಿತ್ತು. ಎರಡನೆಯ ಸಾಲಿಗೆ ಚನ್ನವೀರನ ಕಿವಿ ನಿಮಿರಿತು. ಬೆಲ್ಟು ನರಳಿತ್ತು. ಇಪ್ಪತ್ತು ಗಂಟಲುಗಳು, ಆನಿಕೊಳ್ಳಲು ಏನೂ ಇಲ್ಲದೆ, ನಿಧಾನವಾಗಿ ಕೆಳಗೆ ಜಾರತೊಡಗಿದ್ದವು. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಗಟ್ಟಿಯಾಗಿ ಜಾರುತ್ತಿದ್ದವರು ಮರುಳಸಿದ್ದಪ್ಪನವರೇ.

ಅವನು ಇಳಿಯಲಿಲ್ಲ.

ಒಬ್ಬನೇ ಮೇಲೆ ಉಳಿದದ್ದರಿಂದ ಈಗ ಅವನ ದನಿ ಎಲ್ಲರಿಗೂ ಬೇರೆಯಾಗಿ ಕೇಳತೊಡಗಿತು. ಮುಂದಿನ ಸಾಲಿನ ಬ್ಯಾಂಕಿನವರು ಹಿಂದಕ್ಕೆ ತಿರುಗಿ ಹುಬ್ಬು ಗಂಟಿಕ್ಕಿದರು. ಯಾರೋ ‘ಶ್’ ಎಂದರು. ಮರುಳಸಿದ್ದಪ್ಪನವರು ಹಾಡುತ್ತಲೇ ಪೂರ್ತಿ ತಿರುಗಿ, ಕಣ್ಣು ಕೆಂಪಗೆ ಮಾಡಿ, ತುಟಿಯ ಮೇಲೆ ಬೆರಳಿಟ್ಟರು. ಈ ಸಲ ನಗುವಿರಲಿಲ್ಲ. ಚನ್ನವೀರ ಅವರ ಕಣ್ಣಿನಲ್ಲಿ ಕಣ್ಣಿಟ್ಟು, ಇನ್ನಷ್ಟು ಬಾಯಿ ತೆರೆದ. ಒಂದು ಕಡೆ ಇಪ್ಪತ್ತು ಜನ, ಒಂದು ಕಡೆ ಅವನು. ತಪ್ಪಿದ್ದರೆ? ಎಂಬ ಪ್ರಶ್ನೆ ಒಮ್ಮೆ ಹಾದುಹೋಯಿತು. ಗೋಡೆಯಿಲ್ಲದಿದ್ದರೂ ಬೆನ್ನು ಗೋಡೆಗೆ ಒತ್ತಿದಂತೆ ನಿಂತು, ತಲೆ ಅಲ್ಲಾಡಿಸಿದ. ಇಲ್ಲ.

ಹಿತ್ತಲಲ್ಲಿ ಜನರೇಟರ್ ಗುಡುಗಿತು. ಫ್ಯಾನು ತಿರುಗಿದವು. ಶ್ರುತಿ ಪೆಟ್ಟಿಗೆ ಎಚ್ಚರಗೊಂಡು ತನ್ನ ಸ್ವರ ಹಿಡಿಯಿತು.

ಸಭೆಯಲ್ಲಿ ಸಂಗೀತ ಬಾರದವರಿಗೂ ಅದು ತಿಳಿಯಿತು. ಶ್ರುತಿ ಒಂದು ಕಡೆ ಇತ್ತು, ಬಳಗ ಇನ್ನೊಂದು ಕಡೆ. ಶ್ರುತಿಯ ಜೊತೆಗೆ ಇದ್ದದ್ದು ಹಿಂದಿನ ಸಾಲಿನ ಒಂದೇ ಒಂದು ಗಂಟಲು. ಎಲ್ಲೋ ಒಬ್ಬ ಹುಡುಗಿ ಕಿಸಕ್ಕೆಂದು ನಕ್ಕಳು. ಮರುಳಸಿದ್ದಪ್ಪನವರ ಬೆರಳು ಇನ್ನೂ ತುಟಿಯ ಮೇಲೆಯೇ ಇತ್ತು. ಅವರ ಬಾಯಿ ಮಾತ್ರ ನಿಂತುಹೋಗಿತ್ತು. ಒಬ್ಬೊಬ್ಬರಾಗಿ, ಹಳ್ಳದಿಂದ ದಂಡೆಗೆ ಹತ್ತುವವರಂತೆ, ಬಳಗದವರು ಅವನ ದನಿ ಹಿಡಿದು ಮೇಲೆ ಬಂದರು.

ಕಾರ್ಯಕ್ರಮ ಮುಗಿದ ಮೇಲೆ, ಊಟದ ಸಾಲಿನಲ್ಲಿ ದುಂಡವ್ವನ ಜೊತೆ ನಿಂತಿದ್ದ ಚನ್ನವೀರನ ಹೆಗಲ ಮೇಲೆ ಮರುಳಸಿದ್ದಪ್ಪನವರು ಬಂದು ಮತ್ತೆ ಕೈಯಿಟ್ಟರು.

“ಪರವಾಗಿಲ್ವೇ! ಕರೆಂಟ್ ಹೋದಾಗ ಸ್ವಲ್ಪ ಹಾಗೇ, ಬಿಡು. ನೋಡು, ಬರೋ ಸೋಮವಾರದಿಂದ ಮುಂದಿನ ಸಾಲಿಗೆ ಬಾ. ನನ್ನ ಪಕ್ಕಾನೇ ನಿಲ್ಲು.”

ಚನ್ನವೀರ ಹೆಗಲು ಸರಿಸಿದ. ಕೈ ಕೆಳಗೆ ಬಿತ್ತು.

“ಬ್ಯಾಡ್ರಿ. ನಾ ಹಿಂದಿನ ಸಾಲಾಗ ನಿಂತ ಹಾಡ್ತೀನಿ. ಈ ಅವ್ವಾರೂ ಹಾಡ್ತಾರ. ಇನ್ನ ಮುಂದ ಯಾರಿಗೂ ತುಟಿ ಅಷ್ಟ ಆಡಸು ಅನಬ್ಯಾಡ್ರಿ. ಅಂದ್ರ ಅವತ್ತ ನಾವಿಬ್ರೂ ಸುಮ್ಮನಿರ್ತೀವಿ, ನೀವ ಹಾಡಕೋರಿ, ಕರೆಂಟ್ ಇಲ್ಲದ.”

“ಏಯ್, ಏನ್ ಮಾತು ಅಂತ ಆಡ್ತೀಯ?”

“ಸೌಂಡ್ ಇರೋ ಮಾತ್ರೀ.”

ದುಂಡವ್ವ ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು, ಸೆರಗು ಬಾಯಿಗೊತ್ತಿಕೊಂಡಳು. ನಗುತ್ತಿದ್ದಳೋ ಹೆದರಿದ್ದಳೋ ತಿಳಿಯಲಿಲ್ಲ. ಮರುಳಸಿದ್ದಪ್ಪನವರು ಅತ್ತ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು. “ತಮ್ಮಾ, ಆ ಅಮ್ಮಾರ ಮನಿಗೆ ಮುಂಜಾನೆ ಎಷ್ಟಕ್ಕ ಹೋಗ್ತೀ?”

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಬಿಳೇಕಹಳ್ಳಿಯ ಆ ಜಗುಲಿಯಲ್ಲಿ ಇಬ್ಬರು ಕುಳಿತಿದ್ದರು. ನೀಲಗಂಗಮ್ಮನವರು ತಿದಿ ಒತ್ತಿದರು. ದುಂಡವ್ವ ಬಾಯಿ ತೆರೆದಳು. ಎರಡು ವರ್ಷ ಒಳಗೇ ಇದ್ದ ದನಿ, ಒಣ ರೊಟ್ಟಿ ಮುರಿದಂತೆ ಕರಕರ ಎನ್ನುತ್ತ ಬಂತು, ಸಾ ಇದ್ದಲ್ಲಿಗೆ ಅಲ್ಲ, ಎಲ್ಲೋ ಪಕ್ಕದ ಓಣಿಗೆ. ಅವಳು ನಾಚಿ ತಟ್ಟನೆ ಬಾಯಿ ಮುಚ್ಚಿಕೊಂಡಳು.

ಎದುರು ಮನೆಯ ಕಿಟಕಿ ತೆರೆಯಿತು. “ಆಂಟಿ, ಒಬ್ರಿದ್ರು ಸರಿ, ಈಗ ಇಬ್ರಾ? ಬೆಳಿಗ್ಗೆ ಬೆಳಿಗ್ಗೆ ಏನಿದು?”

ನೀಲಗಂಗಮ್ಮನವರು ಕಿಟಕಿಯ ಕಡೆ ನೋಡಲಿಲ್ಲ. ತಿದಿಯನ್ನು ಇನ್ನೂ ಜೋರಾಗಿ ಒತ್ತಿದರು.

“ಬಾಯಿ ತಗೀರಿ ಅವ್ವಾ,” ಎಂದ ಚನ್ನವೀರ. “ಅವರಿಗೂ ಕೇಳಲಿ.”